ಹನ್ನೊಂದು ನಿಮಿಷದ ಬಿಲ್ಡ್

ಸಾವಿರದ ಇನ್ನೂರನೆಯ ಸಾಲು ದಾಟಿದರೂ ಟೆಸ್ಟ್‌ಗಳು ಓಡಿದ ಗುರುತು ಸಿಗಲಿಲ್ಲ. ಬರೆದ ಕೋಡನ್ನು ಕಟ್ಟಿ ಪರೀಕ್ಷಿಸುವ ಬಿಲ್ಡ್‌ನ ಲಾಗ್ ಅದು, ನಿನ್ನೆಯ ದಾಖಲೆ. ಇನ್ನಾವುದೋ ಎಚ್ಚರಿಕೆಯ ಜಾಡು ಹಿಡಿದು ಹೊರಟಿದ್ದವಳು ಅದನ್ನು ಅಲ್ಲೇ ಬಿಟ್ಟಳು. ಮೊನ್ನೆಯದನ್ನು ತೆರೆದಳು. ಅದರಲ್ಲೂ ಇಲ್ಲ.

ಮೂರು ವಾರದ ಹಿಂದೆ ಬಿಲ್ಡನ್ನು ಕಂಟೇನರಿನೊಳಗೆ ಸಾಗಿಸಿದವಳು ಅವಳೇ. ಕಂಟೇನರ್ ಎಂದರೆ ಕಿಟಕಿಯಿಲ್ಲದ ಕೋಣೆ. ಹೊರಗಿನ ಸೆಟ್ಟಿಂಗ್ ಒಳಗಿನ ಬಿಲ್ಡ್ ಟೂಲ್‌ಗೆ ತಿಳಿಯದು. ಯಾವ ಟೆಸ್ಟ್‌ಗಳನ್ನು ಓಡಿಸಬೇಕೆಂಬುದನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಎಂಬ, ಹೆಸರೂ ಮೌಲ್ಯವೂ ಇರುವ ಚೀಟಿಯಂಥದರಲ್ಲಿಟ್ಟು ಒಳಗೆ ಕಳಿಸಬೇಕು. ಅವಳು ವೇರಿಯಬಲ್‌ನ ಹೆಸರನ್ನಷ್ಟೇ ಬರೆದಿದ್ದಳು. ಮೌಲ್ಯವನ್ನು ಬಿಲ್ಡ್ ಓಡಿಸುವ ಯಂತ್ರದಿಂದಲೇ ಎತ್ತಿಕೊಳ್ಳಲಿ ಎಂದು. ಅವಳ ಲ್ಯಾಪ್‌ಟಾಪಿನಲ್ಲಿ ಎಂದೋ ಇಟ್ಟ ಮೌಲ್ಯ ಇತ್ತು, ಅಲ್ಲಿ ಟೆಸ್ಟ್‌ಗಳು ಓಡಿದ್ದವು. ದಿನದ ಬಿಲ್ಡ್ ಓಡುವ ಸರ್ವರಿನಲ್ಲಿ ಇರಲಿಲ್ಲ. ಒಳಗೆ ಏನೂ ಹೋಗಲಿಲ್ಲ. ಟೂಲ್ ಕೇಳಲೂ ಇಲ್ಲ. ಒಂದು ಟೆಸ್ಟನ್ನೂ ಓಡಿಸದೆ ಎಲ್ಲ ಸರಿಯೆಂಬ ಹಸಿರು ಗುರುತು ತೋರಿಸಿತು.

ನಲವತ್ತು ನಿಮಿಷದ ಬಿಲ್ಡ್ ಹನ್ನೊಂದಕ್ಕೆ ಇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅವಳೂ ಬೀಗಿದ್ದಳು.

ಆ ಸಾಫ್ಟ್‌ವೇರ್ ಕೂರುವುದು ಆಸ್ಪತ್ರೆಯ ಡ್ರಿಪ್ ಪಂಪಿನಲ್ಲಿ. ರೋಗಿಗೆ ಗಂಟೆಗೆ ಎಷ್ಟು ಔಷಧಿ ಹೋಗಬೇಕೆಂದು ಲೆಕ್ಕ ಹಾಕುವುದು ಅದೇ. ಈ ಮೂರು ವಾರದಲ್ಲಿ ಎರಡು ಆವೃತ್ತಿಗಳು ಹೊರಗೆ ಹೋಗಿವೆ. ಮೂರನೆಯದಕ್ಕೆ ಇವತ್ತು ನಾಲ್ಕು ಗಂಟೆಗೆ ಅವಳ ಸಹಿ ಬೀಳಬೇಕು.

"ಏನ್ ಬಿಲ್ಡಮ್ಮ, ಇಂಗು ತಿಂದ ಮಂಗನ ಹಾಗೆ ಕೂತಿದ್ದೀಯ?" ಪಕ್ಕದ ಮೇಜಿನ ಗೆಳತಿ ಕುರ್ಚಿ ಉರುಳಿಸಿಕೊಂಡು ಬಂದಳು. "ಮಗಳ ಜೊತೆ ಮತ್ತೆ ಜಗಳಾನಾ?"

"ಇಲ್ವೇ. ಏನೋ ತಲೆನೋವು."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಹೋಗ್ಲಿ ಬಿಡು, ಹನ್ನೊಂದು ನಿಮಿಷದ ಮಹಾತಾಯಿ ನೀನು. ಬೇಗ ಸಹಿ ಹಾಕ್ಬಿಡು ಕಣೇ, ಮ್ಯಾನೇಜರ್ ಆಗ್ಲೇ ಕಾಲಿಗೆ ಚಕ್ರ ಕಟ್ಕೊಂಡು ಓಡಾಡ್ತಿದ್ದಾರೆ."

ಗೆಳತಿ ಹೋದ ಮೇಲೆ, ತಾನು ಬರೆಯದೆ ಬಿಟ್ಟಿದ್ದ ಮೌಲ್ಯವನ್ನು ಸೇರಿಸಿ ಬಿಲ್ಡ್ ಓಡಿಸಿದಳು. ಟೆಸ್ಟ್‌ಗಳು ಒಂದೊಂದಾಗಿ ತೆರೆಯ ಮೇಲೆ ಏರಿದವು. ಪಾಸ್. ಪಾಸ್. ಎಲ್ಲವೂ ಪಾಸಾಗಿಬಿಟ್ಟರೆ? ಒಂದೇ ಸಾಲಿನ ತಿದ್ದುಪಡಿ, ಯಾರು ತಾನೆ ನೋಡುತ್ತಾರೆ? ಆ ಯೋಚನೆ ಎಷ್ಟು ಹಿತವಾಗಿತ್ತೆಂದರೆ ಅವಳಿಗೇ ಭಯವಾಯಿತು. ಇದು ಇವತ್ತಿನ ಕೋಡ್. ಆಗಲೇ ಯಾರದೋ ಹಾಸಿಗೆಯ ಪಕ್ಕದ ಪಂಪಿನಲ್ಲಿ ಕೂತಿರುವ ಆ ಎರಡು ಆವೃತ್ತಿಗಳು?

"ಮೇಡಂ, ನಾಲ್ಕಕ್ಕೆ ರೆಡಿ ತಾನೆ?" ಮ್ಯಾನೇಜರ್ ಬಾಗಿಲಿನಿಂದ ಇಣುಕಿದರು.

"ಬರ್ತೀನಿ ಸರ್."

ಬಾಗಿಲು ಮುಚ್ಚಿತು. ಅವಳು ಹಳೆಯ ಎರಡು ಆವೃತ್ತಿಗಳನ್ನೂ ಟೆಸ್ಟ್‌ಗೆ ಹಚ್ಚಿದಳು. ಫಲಿತಾಂಶ ಏನೇ ಬರಲಿ, ಸಹಿ ಹಾಕುವುದಿಲ್ಲ. ಆಸ್ಪತ್ರೆಗಳಿಗೆ ಇವತ್ತೇ ತಿಳಿಸಿ ಎಂದು ಮ್ಯಾನೇಜರಿಗೆ ಹೇಳಬೇಕು; ತಪ್ಪು ಯಾರದೆಂದು ಅವರು ಕೇಳುವ ಮೊದಲೇ ತನ್ನದೆಂದು ಒಪ್ಪಿಕೊಳ್ಳಬೇಕು. ಗೆಳತಿ ಅತ್ತಲಿಂದ ನೋಡಿ ಹುಬ್ಬೇರಿಸಿದಳು. ಇವಳು ಇಲ್ಲವೆಂದು ತಲೆಯಾಡಿಸಿ ಗಡಿಯಾರದತ್ತ ತಿರುಗಿದಳು.