ಉಗುಳಿನ ಬಕೆಟ್ಟು

"ಥೂ! ಬಾಯಾ ಇದು, ಗಟಾರ! ಹಲ್ಲುಜ್ಜಿಸೋಕೂ ಬರಲ್ವೇನೇ ನಿಮ್ಮಂಥೋರಿಗೆ?"

ಹಲ್ಲಿನ ಡಾಕ್ಟರು ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಮಗಳ ಗಲ್ಲ ಹಿಡಿದು ನಿಂತಿದ್ದ ಆಸ್ಪತ್ರೆಯ ಆಯಾಳಿಗೆ ಮೈಯೆಲ್ಲ ಉರಿದುಹೋಯಿತು. ಹುಡುಗಿಗೆ ರಕ್ತದ ಕ್ಯಾನ್ಸರ್. ಆ ಸುಡುಗಾಡು ಔಷಧಿ ತಲೆಗೂದಲು ತಿಂದು, ಬಾಯಿತುಂಬ ಹುಣ್ಣೆಬ್ಬಿಸಿತ್ತು. ಅವು ಈಗಷ್ಟೇ ಮಾಯುತ್ತಿದ್ದವು. ಬ್ರಷ್ಷು ತಾಗಿದರೆ ರಕ್ತ ಬರುತ್ತಿದ್ದ ವಸಡನ್ನು ಬೆರಳಿಗೆ ಬಟ್ಟೆ ಸುತ್ತಿ ಒರೆಸಿ ಒರೆಸಿ ಕಾಪಾಡಿದವಳು ಇವಳು. ಉಜ್ಜಿಸೋಕೆ ಬರಲ್ವಂತೆ! ಇವನ ಬಾಯಿಗೆ ಮಣ್ಣು ಹಾಕ.

ಹಿಂದಿನ ದವಡೆಯಲ್ಲೊಂದು ಹಲ್ಲು ಕೊಳೆತು ಕೀವು ಕಟ್ಟಿತ್ತು. "ರಕ್ತ ಸದ್ಯಕ್ಕೆ ಸುಧಾರಿಸಿದೆ, ಈ ವಾರವೇ ಕೀಳಿಸಮ್ಮ. ಅದನ್ನಿಟ್ಕೊಂಡು ಮುಂದಿನ ಔಷಧಿ ಹಾಕಿದ್ರೆ ನಂಜು ಮೈಗೇರಿ ಮಗು ಉಳಿಯಲ್ಲ," ಎಂದು ಕ್ಯಾನ್ಸರ್ ಡಾಕ್ಟರಮ್ಮ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು. ಈತ ನೋಡಿದರೆ ನಾಳೆ ಬಾ, ನಾಡಿದ್ದು ಬಾ ಎಂದು ವಾರವಿಡೀ ಸತಾಯಿಸಿದ್ದ. ಇವತ್ತು ಬಿಟ್ಟರೆ ಇಲ್ಲ.

"ಸಾರ್, ಕಾಲಿಗೆ ಬೀಳ್ತೀನಿ..."

"ಆಸ್ಪತ್ರೆ ಓನರ್ ಮೇಡಂ ಹೊರಗೆ ಕಾಯ್ತಿದಾರೆ, ಹಲ್ಲು ಪಾಲಿಶ್ ಮಾಡ್ಬೇಕು. ಕುರ್ಚಿ ಒರೆಸು. ಬಕೆಟ್ ತುಂಬಿದೆ, ಚೆಲ್ಲು. ಆಮೇಲೆ ನಿನ್ನ ಮಗಳನ್ನ ಎತ್ಕೊಂಡು ತೊಲಗು."

ಕುರ್ಚಿಯ ಪೈಪು ಒಡೆದು ಎಷ್ಟೋ ಕಾಲವಾಗಿತ್ತು. ಬಂದವರು ಬಾಯಿ ಮುಕ್ಕಳಿಸಿ ಉಗುಳಿದ್ದೆಲ್ಲ ಕೆಳಗಿಟ್ಟ ಬಕೆಟ್ಟಿಗೆ ಇಳಿಯುತ್ತಿತ್ತು. ಹೊತ್ತು ಚೆಲ್ಲುವುದು ಆಯಾಳ ಪಾಲು. ಅವಳು ಕುರ್ಚಿ ಒರೆಸಿದಳು. ಮಗಳನ್ನೆತ್ತಿ ಅದರ ಮೇಲೆ ಕೂರಿಸಿದಳು. ಬಾಗಿಲ ಚಿಲಕ ಹಾಕಿದಳು. ಆಮೇಲೆ, ಚೆಲ್ಲು ಅಂದನಲ್ಲ, ಬಕೆಟ್ಟೆತ್ತಿ ಅವನ ಬೂಟಿನ ಮೇಲೇ ಚೆಲ್ಲಿದಳು.

"ಅಯ್ಯೋ! ಹುಚ್ಚು ಮುಂಡೆ!"

"ಮೂಸೋ! ನಿನ್ನ ದೊಡ್ಡೋರ ಬಾಯಿಂದ ಬಿದ್ದಿದ್ದೇ ಇದು. ಗಮಗಮ ಅಂತಿದ್ಯೇನೋ ಬೋಳಿಮಗನೆ? ಕೈ ತೊಳ್ಕೊಂಡು ಗ್ಲೌಸ್ ಹಾಕ್ಕೋ."

"ಪೊಲೀಸ್ ಕರೆಸ್ತೀನಿ! ಕೆಲಸ ಹೋಗತ್ತೆ ನಿಂದು!"

"ಹೋಗ್ಲಿ. ಹಲ್ಲು ಕಿತ್ಮೇಲೆ ಯಾರನ್ನ ಬೇಕಾದ್ರೂ ಕರೆಸ್ಕೋ."

ಹೊರಗೆ ಯಾರೋ ಬಾಗಿಲು ಬಡಿಯತೊಡಗಿದರು. ಅವನು ಆ ಕಡೆ ನೋಡಿದ. ಚಿಲಕಕ್ಕೆ ಬೆನ್ನು ಕೊಟ್ಟು ನಿಂತವಳ ಕೈಯಲ್ಲಿ ಖಾಲಿ ಬಕೆಟ್ಟು ಇನ್ನೂ ಇತ್ತು, ಕಬ್ಬಿಣದ್ದು. ಅವನು ತೆಪ್ಪಗೆ ಕೈ ತೊಳೆದು, ಗ್ಲೌಸ್ ಹಾಕಿ, ಮರಗಟ್ಟಿಸುವ ಸೂಜಿ ಎತ್ತಿಕೊಂಡ.

"ಅಮ್ಮಾ, ನೋಯತ್ತಾ?" ಮಗಳು ಕೇಳಿದಳು.

"ಬಾಯಿ ತೆಗಿ ಕಂದಾ. ನೋಯಿಸ್ಲಿ ಇವ್ನು, ನೋಡ್ತೀನಿ," ಎಂದು ಅವಳು ಬಕೆಟ್ಟಿನ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಬೆನ್ನ ಹಿಂದೆ ಬಾಗಿಲು ಅದುರುತ್ತಿತ್ತು.