ತೋಳಕ್ಕೆ ಜೇಬೆಲ್ಲಿ

ಬುಧವಾರ ಬೆಳಗ್ಗೆ ಇಸ್ತ್ರಿಪೆಟ್ಟಿಗೆ ಇನ್ನೂ ಸರಿಯಾಗಿ ಕಾದಿರಲಿಲ್ಲ, ಅಷ್ಟರಲ್ಲಿ ತಂಗಿ ಒಂದು ತೋಳವನ್ನು ತಬ್ಬಿಕೊಂಡು ಅಂಗಡಿಯೊಳಗೆ ಬಂದಳು. ತೋಳ ಅಂದರೆ ತೋಳದ ವೇಷ. ಬೆಳ್ಳಿಬೂದು ಕೂದಲು, ನೆತ್ತಿಯ ಮೇಲೆ ಚಿನ್ನದ ಬಣ್ಣದ ಕೊಂಬು, ಎದೆಯ ಮೇಲೆ ಬೀಗದ ಚಿತ್ರ. ಮತ್ತೆ ನಾಯಿಯೂ ಮೂಗು ಮುಚ್ಚಿಕೊಳ್ಳುವಂಥ ವಾಸನೆ.

"ಇದೇನೇ ಇದು, ಸತ್ತಿದೆಯೋ ಬದುಕಿದೆಯೋ?" ಅಂದಳು ಇಸ್ತ್ರಿಯಕ್ಕ.

ಮೂವತ್ತೊಂದು ವರ್ಷದಿಂದ ಆ ಬೀದಿಯ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುತ್ತಿದ್ದ ಅವಳನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಸ್ವಂತ ಹೆಸರು ಕೇಳಿದರೆ ಅವಳೇ ಒಂದು ಗಳಿಗೆ ಯೋಚಿಸಬೇಕಿತ್ತು.

"ಕಾವಲ್ತೋಳ ಅಕ್ಕಾ. ಅವರು ಹಾಕ್ಕೊಂಡು ನಿಲ್ತಾರಲ್ಲ, ಅದೇ. ಶನಿವಾರ ಹತ್ತಕ್ಕೆ ಮಕ್ಕಳ ಪಂದ್ಯ ಇದೆ. ಅಷ್ಟರಲ್ಲಿ ಈ ವಾಸನೆ ಹೋಗದಿದ್ರೆ ಬೇರೆ ಆಳು ನೋಡ್ಕೋತೀನಿ ಅಂದಿದಾರಂತೆ ಅಂಗಡಿ ಯಜಮಾನರು."

ವೇಷ ಹಾಕ್ಕೊಂಡು ನಿಲ್ಲುವ ಅವರು ಅಂದರೆ ತಂಗಿಯ ಗಂಡ. ಇಸ್ತ್ರಿಯಕ್ಕ ಅವನಿಗೆ ಇಟ್ಟಿದ್ದ ಹೆಸರು ಮೂರ್ತಿಂಗಳು. ಯಾವ ಕೆಲಸದಲ್ಲೂ ಅದಕ್ಕಿಂತ ಹೆಚ್ಚು ನಿಂತವನಲ್ಲ. ಬೇಕರಿಯಲ್ಲಿ ಒಲೆ ಆರಿಸಲು ಮರೆತ, ಬಸ್ಸಿನಲ್ಲಿ ಟಿಕೆಟ್ ಕೊಡಲು ಮರೆತ. ಒಂದು ಗೋದಾಮಿಗೆ ಕಾವಲು ನಿಂತಾಗ, ಅವನು ಕೂತು ನಿದ್ದೆ ಹೊಡೆಯುತ್ತಿದ್ದ ಕುರ್ಚಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಖಾಲಿಯಾಗಿತ್ತು. ಈಗ ಆಟದ ಸಾಮಾನಿನ ಅಂಗಡಿಯ ಬಾಗಿಲಲ್ಲಿ ತೋಳವಾಗಿ ನಿಲ್ಲುವ ಕೆಲಸ. ನಾಲ್ಕನೇ ತಿಂಗಳು ಹಿಡಿದಿತ್ತು. ತಂಗಿ ಆ ನಾಲ್ಕನ್ನು ಬಸುರಿ ತಿಂಗಳೆಣಿಸುವ ಹಾಗೆ ಎಣಿಸುತ್ತಿದ್ದಳು.

"ಅಲ್ಲ ಕಣೇ, ಈ ಮೃಗ ಮಾಡೋದಾದ್ರೂ ಏನು?"

ತಂಗಿ ಮಗಳಿಂದ ಕೇಳಿ ತಿಳಿದಿದ್ದನ್ನು ಒಪ್ಪಿಸಿದಳು. ಅದೊಂದು ವಿಡಿಯೋ ಆಟ. ಮಕ್ಕಳು ಕಾಡುಮೇಡು ಅಲೆದು ಚಿತ್ರವಿಚಿತ್ರ ಪ್ರಾಣಿಗಳನ್ನು ಹಿಡಿದು ಗಾಜಿನ ಗೋಲಿಗಳಲ್ಲಿ ಕೂಡಿಹಾಕುತ್ತಾರೆ. ಕಟ್ಟಕಡೆಯ ಬಾಗಿಲಲ್ಲಿ ಈ ತೋಳ. ಎಲ್ಲಕ್ಕಿಂತ ದೊಡ್ಡದು, ಲೋಕದಲ್ಲಿ ಒಂದೇ ಒಂದು. ಹೊಡೆದು ಬಡಿದು ಹಿಡಿಯುವುದಕ್ಕಾಗದು. ನಿನಗೆ ತೀರಾ ಬೇಕಾದ ಒಂದನ್ನು ಅದರ ಕೈಗೆ ಒಪ್ಪಿಸಬೇಕು. ಅದು ಕಾದು, ಕೊನೆಗೆ ಹಾಗೇ ಹಿಂದಕ್ಕೆ ಕೊಟ್ಟು, ತಾನಾಗಿ ಗೋಲಿಯೊಳಗೆ ಬರುತ್ತದೆ.

"ಬಂದು ಜೇಬಿಗೆ ಇಳಿಯುತ್ತೆ! ಆಹಾ, ಏನು ಕಾವಲು! ತನ್ನನ್ನ ತಾನು ಕಾಯ್ಕೊಳ್ಳೋಕೆ ಗತಿಯಿಲ್ಲ, ಲೋಕದ ಬಾಗಿಲು ಕಾಯುತ್ತಂತೆ. ಇದರೊಳಗೆ ತೂರೋಕೆ ನಿನ್ನ ಗಂಡನೇ ಸರಿ ಬಿಡು. ಅಳತೆ ತೆಗೆದು ಹೊಲಿಸಿದ ಹಾಗಿದೆ."

ತಂಗಿ ವೇಷವನ್ನು ಮೇಜಿನ ಮೇಲೆ ಇಳಿಸಿದಳು. ಮೂಲೆಯಲ್ಲಿ ಪೆನ್ಸಿಲು ಹಿಡಿದು ಬಟ್ಟೆಯ ಲೆಕ್ಕ ಬರೆಯುತ್ತಿದ್ದ ಅವಳ ಮಗಳು ಪುಟ್ಟಿ ತಲೆಯನ್ನೂ ಎತ್ತಲಿಲ್ಲ. ರಜಾದಿನದಲ್ಲಿ ಆ ಕೆಲಸ ಅವಳದು. ದುಂಡಗೆ ಬರೆಯುತ್ತಿದ್ದಳು, ಒಂದೊಂದು ಅಕ್ಷರವೂ ಉಬ್ಬಿದ ಪೂರಿಯ ಹಾಗೆ.

ಗುರುವಾರ ತೋಳದ ಸ್ನಾನ. ತಲೆಯನ್ನು ಬೇರೆ ಮಾಡಿ, ತಣ್ಣೀರಲ್ಲಿ ಕೈಯಿಂದ ತಿಕ್ಕಿ, ಕೊಂಬಿಗೆ ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಕಟ್ಟಿದಳು. ಮೈಯನ್ನು ದೊಡ್ಡ ಮಷಿನ್ನಿಗೆ ತುರುಕಿದಳು. ಯಾವ ಬಟ್ಟೆಯಾದರೂ ಜೇಬು ತಡವದೆ ನೀರಿಗೆ ಹಾಕಿದವಳಲ್ಲ ಇಸ್ತ್ರಿಯಕ್ಕ. ಜೇಬಿನಲ್ಲಿ ಸಿಕ್ಕಿದ ಬೀಗದ ಕೈ, ಬಸ್ಸಿನ ಟಿಕೆಟ್ಟು, ಒಮ್ಮೆ ಒಂದು ಹಲ್ಲಿನ ಸೆಟ್ಟು, ಎಲ್ಲಕ್ಕೂ ಕವರು, ಕವರಿಗೆ ನಂಬರು. ಮೂವತ್ತೊಂದು ವರ್ಷದಲ್ಲಿ ಯಾರ ಪಿನ್ನೂ ಕಳೆದಿರಲಿಲ್ಲ. ಆದರೆ ತೋಳಕ್ಕೆ ಜೇಬೆಲ್ಲಿ? ತಿರುಗಿಸಿ ನೋಡಲೂ ಇಲ್ಲ.

ಒಣಗಿಸಲು ತೆಗೆದಾಗ ಎದೆಯ ಅಸ್ತರಿನ ಹರುಕಿನಿಂದ ಬೂದು ಬಣ್ಣದ ಉಂಡೆಗಳು ಬಿದ್ದವು, ನಾದಿ ಬಿಟ್ಟ ಹಿಟ್ಟಿನ ಹಾಗೆ. "ಒಳಗೂ ಬರೀ ಚಿಂದಿ" ಅಂದುಕೊಂಡು ಬೇಸಿನ್ನಿಗೆ ಹಾಕಿಟ್ಟಳು. ಬಟ್ಟೆಯವರು ಬಂದು ನೋಡುವ ತನಕ ದೂಳನ್ನೂ ಎಸೆಯುವುದಿಲ್ಲ ಅನ್ನುವುದು ಆ ಅಂಗಡಿಯ ಕಟ್ಟಳೆ.

ಶುಕ್ರವಾರ ಮಧ್ಯಾಹ್ನ ಮೂರ್ತಿಂಗಳು ಬಂದ.

"ಬನ್ನಿ ಬನ್ನಿ ಅಳಿಯದೇವರೇ. ತೋಳಕ್ಕೆ ಸ್ನಾನ ಆಯ್ತು. ತಮ್ಮದು ಯಾವಾಗ?"

ಅವನು ನಕ್ಕ. ಏನಂದರೂ ನಗುವುದು ಅವನ ಕೆಟ್ಟ ಚಾಳಿ. ಹಗ್ಗದ ಮೇಲೆ ನೇತಾಡುತ್ತಿದ್ದ ವೇಷದ ಎದೆಯ ಹರುಕಿನೊಳಗೆ ಕೈ ಹಾಕಿದ. ಮೊಣಕೈ ತನಕ ಹಾಕಿದ. ನಗು ಹೋಯಿತು.

"ಅಕ್ಕಾ, ಇದರೊಳಗಿದ್ದ ಚೀಟಿಗಳು?"

"ಯಾವ ಚೀಟಿ?"

"ಮಕ್ಕಳದ್ದು. ತೋಳದ ಬಾಯಿಗೆ ಹಾಕ್ತಾರೆ, ಏನು ಕಾಯಬೇಕು ಅಂತ ಬರೆದು. ನಾಳೆ ಪಂಜದ ಮುದ್ರೆ ಒತ್ತಿ ಎಲ್ಲರಿಗೂ ವಾಪಸ್ ಕೊಡಬೇಕು. ಕೊಡ್ತೀವಿ ಅಂತ ಯಜಮಾನರು ಬೋರ್ಡೇ ಹಾಕಿಸಿದಾರೆ. ಮೂವತ್ತೆಂಟು ಇತ್ತು."

ಇಸ್ತ್ರಿಯಕ್ಕ ಬೇಸಿನ್ನನ್ನು ನೋಡಿದಳು. ಅವನೂ ನೋಡಿದ.

"ಒಂದು ಮಾತು ಹೇಳಿ ಕಳಿಸೋಕೆ ಏನಾಗಿತ್ತು? ಬಾಯಲ್ಲಿ ಕಡುಬು ಇತ್ತಾ?"

"ನೀವು ಎಲ್ಲ ಜೇಬೂ ನೋಡ್ತೀರಲ್ಲ ಅಂತ..."

"ಜೇಬಿದ್ರೆ ನೋಡ್ತೀನಿ! ತೋಳಕ್ಕೆ ಯಾವ ದರ್ಜಿ ಜೇಬು ಇಡ್ತಾನೆ? ಅಸ್ತರಿನ ತೂತಿಗೆ ಕಾಗದ ತುರುಕೋ ಬುದ್ಧಿ ನಿನಗಲ್ಲದೆ ಇನ್ಯಾರಿಗೆ ಬರುತ್ತೆ? ಗೋದಾಮು ಆಯ್ತು, ಈಗ ಮಕ್ಕಳ ಚೀಟಿ. ನಿನ್ನ ಕೈಗೆ ಸಿಕ್ಕಿದ್ದು ಯಾವುದು ಉಳಿದಿದೆ ಹೇಳು."

ಗಂಟಲು ಜೋರಾಗಿತ್ತು. ಆದರೆ ಒಳಗೆ ಏನೋ ಚುಚ್ಚುತ್ತಿತ್ತು. ಹರುಕು ಅವನದಾದರೂ ನೀರು ತನ್ನದು. ಮೂವತ್ತೊಂದು ವರ್ಷದ ಮೇಲೆ ಒಂದಲ್ಲ, ಮೂವತ್ತೆಂಟು.

ಅವನು ಜಗಳಕ್ಕೆ ಬರಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತು ತನ್ನಷ್ಟಕ್ಕೇ ಶುರುಮಾಡಿದ. "ಕೆಂಪು ಬೂಟಿನ ಹುಡುಗಿ, ಕಿಟಕಿ ಎದುರಿನ ಮರ, ಕಡೀಬಾರದು. ಅವಳಿಜವಳಿಯಲ್ಲಿ ದೊಡ್ಡವನು, ಚಿಕ್ಕವನು. ಚಿಕ್ಕವನು, ದೊಡ್ಡವನ ಸೈಕಲ್ಲು. ತೊದಲೋ ಹುಡುಗ, ತಾತನ ಕಿವಿ ಮಷಿನ್ನು, ತಾತ ದಿನಾ ಕಳೀತಾರೆ. ಕನ್ನಡಕದವಳು, ಅಲ್ಲಾಡ್ತಿರೋ ಹಲ್ಲು, ಫೋಟೋ ತೆಗೆಸೋ ತನಕ..."

"ಏನು ಮಂತ್ರ ಇದು?"

"ಚೀಟಿಗಳು ಅಕ್ಕಾ. ದಿನಾ ಓದ್ಕೋತಿದ್ದೆ. ಕಾಯೋದು ಅಂದ್ಮೇಲೆ ಏನು ಕಾಯ್ತಿದೀನಿ ಅಂತ ಗೊತ್ತಿರಬೇಕಲ್ಲ."

ಅಂಗಡಿಗೆ ಹೋದರೆ ಹಾಲು ಮರೆತು ಬರುವ ಗಂಡಸು! ಇಸ್ತ್ರಿಯಕ್ಕ ಅವನನ್ನು ಒಂದು ಸಲ ಮೇಲಿಂದ ಕೆಳಗಿನ ತನಕ ನೋಡಿದಳು, ಹೋಗದ ಕಲೆಯನ್ನು ನೋಡುವ ಹಾಗೆ. ಆಮೇಲೆ ಡ್ರಾಯರ್ ಎಳೆದು ಬಟ್ಟೆಗೆ ಹೊಲಿಯುವ ಬಿಳಿ ಗುರುತುಪಟ್ಟಿಗಳ ಕಟ್ಟನ್ನೂ, ಎಷ್ಟು ಒಗೆದರೂ ಹೋಗದ ಕಪ್ಪು ಮಸಿಯ ಪೆನ್ನನ್ನೂ ತೆಗೆದಳು.

"ಮೊದಲಿಂದ ಹೇಳು. ನಿಧಾನ."

"ಅಕ್ಷರ ನಮ್ಮದಲ್ಲ ಅಂತಾವೆ ಮಕ್ಕಳು."

"ಕಾಗದ ಹರಿಯುತ್ತೆ ಅಂತ ತೋಳ ಬಟ್ಟೆ ಮೇಲೆ ಇಳಿಸಿಕೊಂಡಿತ್ತು ಅನ್ನು. ಲೋಕದಲ್ಲಿ ಒಂದೇ ಒಂದು ತೋಳವಂತೆ, ಅಷ್ಟೂ ಬರದಿದ್ರೆ ಹೇಗೆ?"

ಅವನು ಹೇಳಿದ, ಅವಳು ಬರೆದಳು. ಬಾಲವಿಲ್ಲದ ಬೆಕ್ಕು. ಬೇರೆ ಶಾಲೆಗೆ ಹೋಗುತ್ತಿರುವ ಗೆಳತಿ. ಲೆಕ್ಕದ ಮೇಷ್ಟರಿಂದ ನಾನು. "ಥೂ, ಇದನ್ನೂ ಕಾಯ್ಬೇಕಾ?" ಅನ್ನುತ್ತ, "ಇವನಿಗೆ ಒಂದು ಒದೆ ಬೀಳಬೇಕು" ಅನ್ನುತ್ತ ಬರೆದಳು. ಒಂದು ಕಡೆಯೂ ಅವನು ತಡವರಿಸಲಿಲ್ಲ. ಮೂವತ್ತೇಳಾಯಿತು.

"ಇನ್ನೊಂದು?"

ಅವನು ಇಸ್ತ್ರಿಪೆಟ್ಟಿಗೆಯ ಕಡೆ ನೋಡಿದ. "ಅದು ಮರೆತುಹೋಯ್ತು."

"ಮರೀದೆ ಇರ್ತೀಯಾ! ಇಷ್ಟು ಹೊತ್ತು ನೆನಪಿದ್ದದ್ದೇ ಅತಿಶಯ. ಯಾರದ್ದು ಅಂತಾದ್ರೂ ಗೊತ್ತಾ?"

"ಗೊತ್ತಿಲ್ಲ ಅಕ್ಕಾ. ಆ ಮಗು ನಾಳೆ ಕೇಳಲ್ಲ."

ಅವನು ಹೋದ ಮೇಲೆ ಇಸ್ತ್ರಿಯಕ್ಕ ಬೇಸಿನ್ನು ಮುಂದಿಟ್ಟುಕೊಂಡು ಕೂತಳು. ಒಂದು ಬಾಕಿ ಉಳಿದರೆ ಅವಳಿಗೆ ಉಂಡ ಅನ್ನ ಅರಗುವುದಿಲ್ಲ. ಪೆನ್ನಿನ ಬರಹ ಒಂದೇ ನೀರಿಗೆ ಓಡಿಹೋಗುತ್ತದೆ, ಆದರೆ ಪೆನ್ಸಿಲಿನದು ಸುಲಭಕ್ಕೆ ಬಿಡುವುದಿಲ್ಲ. ಅದು ಅವಳಿಗೆ ಗೊತ್ತಿದ್ದ ವಿದ್ಯೆ. ಉಂಡೆಗಳನ್ನು ಒಂದೊಂದಾಗಿ ಸೂಜಿಯಿಂದ ಬಿಡಿಸಿದಳು. ಎಲ್ಲ ಬರೀ ನೀಲಿ ಕೆಸರು. ಹದಿನೇಳೋ ಹದಿನೆಂಟೋ ಆದಮೇಲೆ, ಮಡಿಕೆಯ ಒಳಗೆ, ಬೂದು ಗೆರೆಗಳು ಕಂಡವು. ಮೊದಲು ಕಂಡದ್ದು ಅಕ್ಷರದ ಆಕಾರ, ಉಬ್ಬಿದ ಪೂರಿ. ಆಮೇಲೆ ಮಾತು.

ದೊಡ್ಡಮ್ಮ ಬೈಯದ ಹಾಗೆ ನಮ್ಮ ಅಪ್ಪನನ್ನು ಕಾಯಿ.

ಇಸ್ತ್ರಿಯಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. ಮಾತು ಬದಲಾಗಲಿಲ್ಲ. "ಮರೆತುಹೋಯ್ತಂತೆ" ಅಂದಳು ಗೋಡೆಗೆ. ಸುಳ್ಳು ಹೇಳುವುದಕ್ಕೂ ಬರದ ದಂಡಪಿಂಡ.

ಆ ಚೂರನ್ನು ಎರಡು ಬಿಳಿ ಬಟ್ಟೆಗಳ ನಡುವೆ ಇಟ್ಟು, ರೇಷ್ಮೆಗೆ ಇಡುವಷ್ಟೇ ಶಾಖದಲ್ಲಿ, ಉಸಿರು ಬಿಗಿಹಿಡಿದು ಇಸ್ತ್ರಿ ಮಾಡಿದಳು. ಆಮೇಲೆ ವೇಷದ ಎದೆಯ ಹರುಕನ್ನು ಹೊಲಿದಳು. ಹೊಲಿದು ಸುಮ್ಮನಾಗದೆ, ಅದರ ಮೇಲೆ ಒಂದು ಜೇಬು ಹಚ್ಚಿದಳು. ಗುಂಡಿ ಇದ್ದ ಜೇಬು.

ಶನಿವಾರ ಅಂಗಡಿಯನ್ನು ಒಂದು ಗಂಟೆ ಮುಚ್ಚಿ, ತಂಗಿಯ ಜೊತೆ ಹೋಗಿ ಎದುರು ಬದಿಯ ಪಾದಚಾರಿ ದಾರಿಯಲ್ಲಿ ನಿಂತಳು. ತೋಳ ಬಾಗಿಲಲ್ಲಿತ್ತು. ಕೂದಲು ಹೊಳೆಯುತ್ತಿತ್ತು, ಕೊಂಬು ಸೊಟ್ಟಗಿತ್ತು. ಮಕ್ಕಳು ಒಬ್ಬೊಬ್ಬರಾಗಿ ಬಂದರೆ ಅದು ಹೆಸರು ಕೇಳದೆ ಅವರವರ ಪಟ್ಟಿಯನ್ನೇ ಎಳೆದು, ಪಂಜ ಒತ್ತಿ ಕೊಡುತ್ತಿತ್ತು. ಒಬ್ಬ ಪಟ್ಟಿಯನ್ನು ಬಾಟಲಿ ನೀರಲ್ಲಿ ಅದ್ದಿ ನೋಡಿ, ಹೋಗಲ್ಲ ಕಣ್ರೋ ಎಂದು ಕೂಗಿದ. ಎಲ್ಲರೂ ಅದ್ದತೊಡಗಿದರು. ಬಾಗಿಲಲ್ಲಿ ನಿಂತಿದ್ದ ಯಜಮಾನರು ತೋಳದ ಬೆನ್ನು ತಟ್ಟಿದರು.

"ಐದನೇ ತಿಂಗಳಿಗೆ ತೊಂದರೆಯಿಲ್ಲ ಅಲ್ವಾ ಅಕ್ಕಾ?" ಅಂದಳು ತಂಗಿ.

"ಕೊಂಬು ನೆಟ್ಟಗೆ ಇಟ್ಕೊಳ್ಳೋಕೆ ಬರಲ್ಲ ಅವನಿಗೆ" ಅಂದಳು ಇಸ್ತ್ರಿಯಕ್ಕ.

ಸಂಜೆ ಅವನು ಬೆವರಿದ ತೋಳವನ್ನು ಮತ್ತೆ ತಂದು ಮೇಜಿನ ಮೇಲೆ ಹಾಕಿದ. ಅವಳು ಕಟ್ಟಳೆಯಂತೆ ಜೇಬಿನ ಗುಂಡಿ ಬಿಚ್ಚಿ ಕೈ ಹಾಕಿದಳು. ಬೆಳಗ್ಗೆ ತಾನೇ ಅದರೊಳಗೆ ಇಟ್ಟು ಕಳಿಸಿದ್ದ ಚೂರು ಹಾಗೇ ಇತ್ತು. ಯಾರೋ ಅದನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದ್ದರು, ಬೆವರು ತಾಕದ ಹಾಗೆ. ಪಂಜದ ಮುದ್ರೆ ಇರಲಿಲ್ಲ.

"ಇದನ್ನ ಯಾಕೆ ವಾಪಸ್ ಕೊಡ್ಲಿಲ್ಲ?"

"ಎಲ್ಲರದ್ದೂ ಮುಗೀತು ಅಕ್ಕಾ" ಅಂದ ಅವನು, ಅದೇ ಕೆಟ್ಟ ನಗು ನಗುತ್ತ. "ಅದೊಂದನ್ನ ಇನ್ನೂ ಕಾಯ್ತಿದೀನಿ."

ಮೂದೇವಿ ಅನ್ನುವ ಮಾತು ಇಸ್ತ್ರಿಯಕ್ಕನ ನಾಲಗೆಯ ತುದಿಗೆ ಬಂದು ಕೂತಿತು. ಮೂಲೆಯಲ್ಲಿ ಪುಟ್ಟಿಯ ಪೆನ್ಸಿಲು ನಿಂತಿತ್ತು. ಇಸ್ತ್ರಿಯಕ್ಕ ಆ ಚೂರನ್ನು ಅಂಗಡಿಯ ಒಂದು ಕವರಿಗೆ ಹಾಕಿ, ನಂಬರು ಬರೆದು, ಗೋಡೆಯ ಮೊಳೆಗೆ ಸಿಕ್ಕಿಸಿದಳು. ತೋಳವನ್ನು ಮಷಿನ್ನಿಗೆ ತುರುಕಿ ಬಾಗಿಲು ಒತ್ತಿ, ಬೈಗುಳವನ್ನೆಲ್ಲ ಗಾಜಿನ ಹಿಂದೆ ಸುತ್ತುತ್ತಿದ್ದ ಆ ಮೃಗಕ್ಕೇ ಬೈದಳು.