ಕಡೆಯ ಹದಿನಾರು ಪುಟ

ನನ್ನಲ್ಲಿ ಉತ್ತರಗಳಿರಲಿಲ್ಲ.

ನಾನು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆಂದು ಅಚ್ಚಾದ ಒಂದು ತರ್ಕದ ಗೈಡು. ಹೊರಬಂದಾಗ ನನ್ನ ಬೆನ್ನಿಗೆ ಹದಿನಾರು ಪುಟ ಉತ್ತರಗಳಿದ್ದವು. ಮೊದಲು ಕೊಂಡವನು ಅವನ್ನಷ್ಟೇ ಹರಿದಿಟ್ಟುಕೊಂಡು, ನನ್ನನ್ನು ಹುಬ್ಬಳ್ಳಿಯ ಹಳೇ ಪುಸ್ತಕದ ಅಂಗಡಿಗೆ ಹಾಕಿದ. ಅಲ್ಲಿಂದ ದಾಕ್ಷಾಯಣಿ ನನ್ನನ್ನು ಹಾಸ್ಟೆಲಿಗೆ ತಂದಳು. ಕಡೆಯ ಪುಟಗಳಿಲ್ಲದ್ದು ಅವಳಿಗೆ ತಿಳಿದದ್ದು ಕೋಣೆಗೆ ಬಂದ ಮೇಲೆ.

ಸರಿ ಯಾವುದೆಂದು ನಾನು ಹೇಳಲಾರೆ. ಅದಕ್ಕೇ ಅವಳು ಕೋಣೆಯ ಗೆಳತಿ ಗೌಸಿಯಾಳನ್ನು ಎದುರಿಗೆ ಕೂರಿಸಿಕೊಂಡಳು. ಗೌಸಿಯಾಳೂ ಅದೇ ಪರೀಕ್ಷೆ ಬರೆಯುವವಳು. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದುವುದು, ಉತ್ತರಕ್ಕಾಗಿ ಕನ್ನಡದಲ್ಲಿ ಜಗಳವಾಡುವುದು. ಒಬ್ಬಳು ಸೋತೆನೆಂದು ಒಪ್ಪಿದರೆ ಮಾತ್ರ ಮುಂದಿನ ಪ್ರಶ್ನೆ.

"ವಕೀಲರೆಲ್ಲ ಮಾತುಗಾರರು. ಮಾತುಗಾರರೊಳಗ ಕೆಲವರು ಸುಳ್ಳು ಹೇಳವ್ರು. ಅಂದಮ್ಯಾಲ ಕೆಲವು ವಕೀಲರೂ ಸುಳ್ಳು ಹೇಳವ್ರು," ಎಂದಳು ದಾಕ್ಷಾಯಣಿ.

"ಅದ್ಹೆಂಗ ಹುಚ್ಚಿ? ಆ ಸುಳ್ಳು ಹೇಳವ್ರು ನಮ್ಮ ವಾರ್ಡನ್ ಮೇಡಂನಂಥವ್ರು ಇರಬಹುದಲ್ಲ. ಆಕಿ ವಕೀಲಿ ಮಾಡ್ತಾಳೇನು?"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಪ್ರಶ್ನೆ ನನ್ನದು, ನಗು ಗೌಸಿಯಾಳ ಪಾಲಿಗೆ. ನನಗೆ ಹೊಟ್ಟೆ ಉರಿಯಿತು. ನನ್ನ ಉತ್ತರಗಳು ನನ್ನಲ್ಲೇ ಇದ್ದಿದ್ದರೆ ಇವಳು ಯಾಕೆ ಬೇಕಿತ್ತು?

ಆಮೇಲೆ ದಾಕ್ಷಾಯಣಿಯ ಸೋದರಮಾವ ಹೊಸ ಗೈಡು ತಂದುಕೊಟ್ಟ. ಒಳಗೆಲ್ಲ ನನ್ನವೇ ಪ್ರಶ್ನೆಗಳು. ಮುಖಪುಟ ಮಾತ್ರ ಬೇರೆ, ಮಿರಿಮಿರಿ ಮಿಂಚುವಂಥದ್ದು. ಉತ್ತರಗಳೂ ಇದ್ದವು. ದಾಕ್ಷಾಯಣಿ ನನ್ನಲ್ಲಿದ್ದ ಪೆನ್ಸಿಲ್ ಗುರುತುಗಳನ್ನು ಅವುಗಳ ಜೊತೆ ತಾಳೆ ನೋಡಿದಳು. ಜಗಳವಾಡಿದ ಕಡೆಯೆಲ್ಲ ಗೌಸಿಯಾ ಹೇಳಿದ್ದೇ ಸರಿಯಾಗಿತ್ತು. ಗೌಸಿಯಾ ಸಾಕಾಗಿ ಸೋತೆನೆಂದು ಒಪ್ಪಿದ್ದ ಕಡೆಯೂ ಅವಳದ್ದೇ ಸರಿ. ಆಗ ದಾಕ್ಷಾಯಣಿಯ ಮುಖದಲ್ಲಿ ಕಂಡ ಉರಿ ನನಗೆ ಪರಿಚಯದ್ದೇ.

ಹೊಸ ಗೈಡು ಟ್ರಂಕಿಗೆ ಹೋಯಿತು.

"ಅದು ನಿನಗ ಇರ್ಲಿ. ಈ ಹರಕು ಪುಸ್ತಕರೆ ಕೊಡು," ಎಂದು ಗೌಸಿಯಾ ನನ್ನತ್ತ ಕೈ ಚಾಚಿದಳು.

"ಅದೂ ನಂದ," ಎಂದು ದಾಕ್ಷಾಯಣಿ ನನ್ನನ್ನೂ ಟ್ರಂಕಿಗೆ ಹಾಕಿ ಬೀಗ ಜಡಿದಳು.

ಗೌಸಿಯಾ ಮರುದಿನವೇ ಕೋಣೆ ಬದಲಿಸಿದಳು. ದಾಕ್ಷಾಯಣಿ ಒಬ್ಬಳೇ ಕುಳಿತು ಉತ್ತರಗಳನ್ನು ಬಾಯಿಪಾಠ ಮಾಡಿದಳು. ಪರೀಕ್ಷೆಯಲ್ಲಿ ಬೇರೆ ಪ್ರಶ್ನೆಗಳು ಬಂದವು. ಅವಳಿಗೆ ಸೀಟು ಸಿಗಲಿಲ್ಲ. ಓದಲು ಪುಸ್ತಕವೇ ಇಲ್ಲದೆ ಪರೀಕ್ಷೆ ಬರೆದ ಗೌಸಿಯಾಳಿಗೂ ಸಿಗಲಿಲ್ಲ, ಸ್ವಲ್ಪದರಲ್ಲಿ ತಪ್ಪಿತು.

ಈಗ ದಾಕ್ಷಾಯಣಿ ಬಿಟ್ಟುಹೋದ ನಾವೆರಡೂ ಗೈಡುಗಳು ಹಾಸ್ಟೆಲ್ ಲೈಬ್ರರಿಯ ಕಪಾಟಿನಲ್ಲಿ ಮೈಗೆ ಮೈ ತಾಗಿಸಿ ನಿಂತಿದ್ದೇವೆ. ಇಬ್ಬರ ಮೇಲೂ ಒಂದೇ ಧೂಳು. ಆದರೆ ಹೊಸದರ ಉತ್ತರಗಳು ಈಗಲೂ ಪೂರ್ತಿ ಇವೆ, ನನ್ನ ಹೊಟ್ಟೆಕಿಚ್ಚೂ ಇದೆ.

ನಾನು ಕಳೆದುಕೊಂಡದ್ದು: ಪುಟ ಹದಿನಾರು, ಓದುವವರು ಇಬ್ಬರು.